ಕತೀರಾ ಕುಣಿತ, ಬಸ್ಯಾನ ಕಣ್ಣಿ

ಹೋರಿಯನ್ನು ಹಿಡಿದುಕೊಂಡು ನಾನು ಆ ಅಂಗಳಕ್ಕೆ ಕಾಲಿಟ್ಟಾಗ ಹನ್ನೆರಡು ಗಂಡಸರು ಎದುರುಬದುರಾಗಿ ಎರಡು ಸಾಲು ನಿಂತು, ಮಂಡಿಯ ತನಕ ಬೂಟು ಹಾಕಿಕೊಂಡು, ಒಬ್ಬರೂ ತುಟಿ ಪಿಟಕ್ಕೆನ್ನದೆ ನೆಲಕ್ಕೆ ಒದೆಯುತ್ತಿದ್ದರು. ಒದ್ದ ಮೇಲೆ ಚಪ್ಪಾಳೆ, ಚಪ್ಪಾಳೆಯ ಮೇಲೆ ಮತ್ತೆ ಒದೆತ. ಮುಖದ ಮೇಲೆ ನಗುವಿಲ್ಲ. ಜಗಳ ಹತ್ತಿದೆ, ಇನ್ನೇನು ಹೊಡೆದಾಟಕ್ಕೆ ಬೀಳುತ್ತಾರೆ ಎಂದುಕೊಂಡೆ. ನನ್ನ ಹೋರಿ ಬಸ್ಯಾ ಕಿವಿ ನಿಗುರಿಸಿ ಎರಡು ಹೆಜ್ಜೆ ಹಿಂದೆ ಸರಿದ. ನಾನೂ ಸರಿದೆ. ಅಷ್ಟರಲ್ಲಿ ಒದೆತ ತಟ್ಟನೆ ನಿಂತು, ಸಾಲಿನಾಚೆ ತಂತಿವಾದ್ಯ ಹಿಡಿದು ನಿಂತಿದ್ದ ಇಬ್ಬರು ಹಾಡತೊಡಗಿದರು. ಉಳಿದವರು ಮಾಸ್ತರರ ಮುಂದೆ ನಿಂತ ಹುಡುಗರಂತೆ ಸುಮ್ಮನೆ ಕೇಳಿದರು. ಹಾಡು ನಿಂತದ್ದೇ ಮತ್ತೆ ಒದೆತ. ಬ್ರೆಜಿಲ್ ದೇಶ ನನ್ನನ್ನು ಬರಮಾಡಿಕೊಂಡ ರೀತಿ ಇದು.

ಅದು ಜಗಳವಲ್ಲ, ಕತೀರಾ ಎಂಬ ಕುಣಿತ ಎಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಆ ಮಾತಿನ ಪೂರ್ತಿ ಅರ್ಥ ತಿಳಿಯಲು ನಾಲ್ಕು ವರ್ಷ ಬೇಕಾಯಿತು. ಈಗ ಧಾರವಾಡ ಕಡೆಯ ಪತ್ರಿಕೆಯೊಂದರ ಸಂಪಾದಕರು, ನನ್ನ ವಿಳಾಸ ಎಲ್ಲಿಂದ ಸಿಕ್ಕಿತೋ ಏನೋ, ಅಲ್ಲಿಯ ಜನಪದ ಹಾಡು ಕುಣಿತಗಳ ಬಗ್ಗೆ ನಮ್ಮ ಓದುಗರಿಗೆ ಬರೆಯಿರಿ ಎಂದು ಕಾಗದ ಹಾಕಿದ್ದಾರೆ. ಬರೆಯುತ್ತೇನೆ. ಆದರೆ ಹೋರಿಯನ್ನು ಬಿಟ್ಟು ಬರೀ ಕುಣಿತದ ಬಗ್ಗೆ ಬರೆಯುವುದು ನನ್ನಿಂದಾಗದು. ಕುಣಿತದ ಹೆಸರಿನಲ್ಲೇ ನನಗೆ ಮೋಸವಾಯಿತು. ಅದರಲ್ಲಿ ನನ್ನ ಕೈಯೂ ಇತ್ತು ಎನ್ನುವುದನ್ನು ಮಾತ್ರ ಈವರೆಗೆ ಯಾರಿಗೂ ಹೇಳಿಲ್ಲ.

ನಾನು ಯಳವತ್ತಿಯ ಫಕೀರಪ್ಪ. ಗದಗಿನಲ್ಲಿ ಮುಲ್ಕಿ ಪರೀಕ್ಷೆ ಪಾಸಾದವನು. ತಾಯಿ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದವಳು ಅಕ್ಕ ನೀಲವ್ವ. ಬಸ್ಯಾ ಅವಳ ಹೋರಿ, ಸ್ವಾತಂತ್ರ್ಯದ ಧ್ವಜ ಹಾರಿಸಿದ ವರ್ಷ ನಮ್ಮ ಕೊಟ್ಟಿಗೆಯಲ್ಲಿ ಹುಟ್ಟಿದ ಕರು. ಆಗ ನಮ್ಮ ಕಡೆ ಒಂದು ಊರು ಸಂಸ್ಥಾನದ್ದು, ಮಗ್ಗುಲಿನ ಊರು ಇಂಗ್ರೇಜರ ಕೈಯಿಂದ ಆಗಷ್ಟೇ ಬಿಡಿಸಿಕೊಂಡದ್ದು, ಮುಂಡರಗಿ ದಾಟಿ ಹೋದರೆ ನಿಜಾಮನದು. ಬಸ್ಯಾ ಬೆಳೆದು ನಿಂತ ಮೇಲೆ ಅವನಿಗೆ ಯಾವ ಗಡಿಯೂ ಇರಲಿಲ್ಲ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಎಲ್ಲ ಕಡೆಯಿಂದಲೂ ಜನ ಆಕಳು ಹೊಡೆದುಕೊಂಡು ಅವನ ಹತ್ತಿರ ಬರುತ್ತಿದ್ದರು. ನಾಡು ಒಂದಾಗಬೇಕು ಎಂದು ಗದಗಿನಲ್ಲಿ ಭಾಷಣಗಳು ಮುಗಿಯುವ ಮೊದಲೇ ನಮ್ಮ ಬಸ್ಯಾ ಏಕೀಕರಣ ಮಾಡಿ ಮುಗಿಸಿದ್ದ ಎಂದು ಊರಿನವರು ನಗುತ್ತಿದ್ದರು.

ಮುಂಬಯಿಯ ದಲಾಲರೊಬ್ಬರು ಗದಗಿಗೆ ಬಂದು, ಕಡಲಾಚೆಯ ದೇಶದವರಿಗೆ ತಳಿಗಾಗಿ ನಮ್ಮ ಕಡೆಯ ಹೋರಿಗಳು ಬೇಕಾಗಿವೆ, ಜೊತೆಗೆ ನೋಡಿಕೊಳ್ಳುವ ಆಳೂ ಬೇಕು ಎಂದು ಸುದ್ದಿ ಹಬ್ಬಿಸಿದರು. ನನಗೆ ಹಡಗು ನೋಡುವ ಹುಚ್ಚು. ಬಸ್ಯಾ ಹೋದರೆ ನಾನೂ ಹೋಗಬಹುದಿತ್ತು, ಏಕೆಂದರೆ ಅವನು ಬೇರೆಯವರ ಕೈಯಿಂದ ಮೇವು ಮುಟ್ಟುತ್ತಿರಲಿಲ್ಲ. ಅಕ್ಕ ಒಲ್ಲೆ ಎಂದಳು. ನಾನು ಒಂದು ತಿಂಗಳು ಅವಳ ತಲೆ ತಿಂದೆ. ಕೊನೆಗೆ ಒಂದು ಮುಂಜಾನೆ ಅವಳೇ ಬಸ್ಯಾನನ್ನು ಹಿಡಿದು ತಂದು, ಅವನ ಕೊರಳ ಹಗ್ಗವನ್ನು ನನ್ನ ಕೈಗೆ ಕೊಟ್ಟಳು. ನಮ್ಮಲ್ಲಿ ಅದಕ್ಕೆ ಕಣ್ಣಿ ಎನ್ನುತ್ತಾರೆ. ಪುಂಡಿ ನಾರಿನಲ್ಲಿ ಅವಳೇ ಹೊಸೆದದ್ದು.

“ತಮ್ಮಾ, ದನಾ ಮಾರಿದ್ರ ಕಣ್ಣಿ ಬಿಚ್ಚಿ ಮನ್ಯಾಗ ಇಟ್ಕೋತಾರ,” ಎಂದಳು. “ನಾ ಬಿಚ್ಚಂಗಿಲ್ಲ. ಕಣ್ಣಿ ಸಮೇತ ಕೊಡಾಕತ್ತೇನಿ. ಅಂದ್ರ ಇದು ಮಾರಾಟ ಅಲ್ಲ. ನಿನ್ನ ಕೈಯಾಗ ಇಟ್ಟೇನಿ. ತಿಳೀತಿಲ್ಲೋ?”

“ತಿಳೀತಕ್ಕಾ.”

“ಅವನ ಕೊಳ್ಳಿಗೆ ಕತ್ತಿ ಹತ್ತಬಾರದು. ಮುಪ್ಪಾಗಿ ಸತ್ರ ಕಣ್ಣಿ ಸಮೇತ ಮಣ್ಣ ಮಾಡು. ಇಷ್ಟ ನನ್ನ ಮಾತು.”

ಆಗಲಿ ಎಂದೆ. ಹಡಗಿನ ಧ್ಯಾನದಲ್ಲಿದ್ದವನಿಗೆ ಆಗಲಿ ಎನ್ನುವುದು ಎಷ್ಟು ಹೊತ್ತಿನ ಕೆಲಸ.

ಹಡಗು ನೋಡುವ ಹುಚ್ಚು ಎರಡನೆಯ ದಿನದ ವಾಂತಿಯಲ್ಲೇ ಬಿಟ್ಟುಹೋಯಿತು. ವಾರಗಟ್ಟಲೆ ನೀರು, ಆಮೇಲೆ ರೋಗ ಪರೀಕ್ಷೆಗೆಂದು ಒಂದು ನಡುಗಡ್ಡೆಯಲ್ಲಿ ತಿಂಗಳುಗಟ್ಟಲೆ ವಾಸ, ಮತ್ತೆ ನೀರು, ರೈಲು, ಲಾರಿ. ಕೊನೆಗೆ ಮಿನಾಸ್ ಜೆರಾಯಿಸ್ ಎಂಬ ಸೀಮೆಯಲ್ಲಿ, ಉಬೆರಾಬಾ ಪಟ್ಟಣದಿಂದ ಅರ್ಧ ದಿನದ ದಾರಿಯಲ್ಲಿದ್ದ ಈ ಜಮೀನು. ಮಣ್ಣು ಕೆಂಪು. ಎರೆಯ ಕರಿ ಮಣ್ಣಿನಲ್ಲಿ ಬೆಳೆದ ನನ್ನ ಕಣ್ಣಿಗೆ ಅದು ಯಾರೋ ಹೊಲದ ತುಂಬ ಕುಂಕುಮ ಚೆಲ್ಲಿದಂತೆ ಕಂಡಿತು. ಆದರೆ ಅದರ ಮೇಲೆ ಮೇಯುತ್ತಿದ್ದ ದನಗಳು ನಮ್ಮವು. ಡುಬ್ಬ, ಗಂಗೆದೊಗಲು, ಜೋಲುಕಿವಿ. ಸಾವಿರಾರು ಮೈಲಿ ದೂರ ಬಂದವನಿಗೆ ಮೊದಲು ಎದುರಾದ ನೆಂಟರು ಅವೇ.

ಜಮೀನಿನ ಒಡೆಯನನ್ನು ಎಲ್ಲರೂ ಸೆವು ಒಲಾವು ಎನ್ನುತ್ತಿದ್ದರು. ಸೆವು ಎಂದರೆ ನಾವು ಹೆಸರಿಗೆ ಅವರು ಎಂದು ಹಚ್ಚುವ ಹಾಗೆ, ಗೌರವದ ಮಾತು. ಅಕ್ಕನ ಮಾತನ್ನು ನಾನು ಅವನಿಗೆ ಕೈಸನ್ನೆಯಲ್ಲಿ ತಿಳಿಸಿದೆ. ಕೊರಳ ಮೇಲೆ ಬೆರಳು ಎಳೆದು, ಬೇಡ ಎಂದು ತಲೆಯಲ್ಲಾಡಿಸಿದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, ಬಸ್ಯಾನನ್ನು ತೋರಿಸಿ, ತನ್ನ ನೆಲವನ್ನು ತೋರಿಸಿ, ಕಣ್ಣು ಮುಚ್ಚಿ ನಿದ್ದೆ ಮಾಡಿದಂತೆ ಮಾಡಿದ. ಇಲ್ಲೇ ಸುಖವಾಗಿ ಸಾಯುತ್ತಾನೆ ಎಂದು ನಾನು ಅರ್ಥ ಮಾಡಿಕೊಂಡೆ. ಮಾತು ಬಾರದವರ ನಡುವೆ ಕೊಟ್ಟ ಭಾಷೆ ಅದು. ಅವನು ಕೊಟ್ಟದ್ದೆಷ್ಟು, ನಾನು ತೆಗೆದುಕೊಂಡದ್ದೆಷ್ಟು ಎಂದು ಈಗ ಯಾರನ್ನು ಕೇಳುವುದು?

ಇರಲು ಕುದುರೆಯ ಜೀನುಗಳನ್ನಿಡುವ ಮನೆಯ ಪಕ್ಕದ ಖೋಲಿ ಕೊಟ್ಟರು. ಗೋವಿನಜೋಳದ ತೆನೆಯ ಸಿಪ್ಪೆ ತುಂಬಿದ ಗಾದಿ. ಮಗ್ಗುಲು ಬದಲಿಸಿದರೆ ಕಣದಲ್ಲಿ ದನ ಹೊಕ್ಕ ಹಾಗೆ ಸಪ್ಪಳ. ಹೆಸರೇ ಒಂದು ತೊಡಕಾಯಿತು. ಫಕೀರಪ್ಪ ಎಂದದ್ದೇ ತಡ, ಹಾವಾಡಿಸುವ, ಮುಳ್ಳಿನ ಮೇಲೆ ಮಲಗುವ ಫಕೀರ ಬಂದಿದ್ದಾನೆ ಎಂದು ಸುದ್ದಿಯಾಯಿತು. ದನಗಾಹಿಗಳ ಮುಖಂಡ ಜೆಕಾ ಮರುದಿನವೇ ನನ್ನನ್ನು ಕಲ್ಲುಗುಡ್ಡೆಯ ಹತ್ತಿರ ಕರೆದುಕೊಂಡು ಹೋಗಿ, ಬಾಲ ಗಿಲಕಿಯಾಡಿಸುವ ಹಾವೊಂದನ್ನು ಹಿಡಿದುಕೊಡು ಎಂದು ಸನ್ನೆ ಮಾಡಿದ. ಆ ಬಾಲದ ಗಿಲಕಿಯನ್ನು ವಾದ್ಯದ ಹೊಟ್ಟೆಯೊಳಗೆ ಹಾಕಿದರೆ ದನಿ ಇಂಪಾಗುತ್ತದೆ ಎನ್ನುವುದು ಅವರ ನಂಬಿಕೆ. ನಾನು ಓಡಿ ಬಂದು ಖೋಲಿಯ ಬಾಗಿಲು ಹಾಕಿಕೊಂಡೆ. ಜೆಕಾ ಹೊರಗೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. ನಮ್ಮ ಗೆಳೆತನ ಶುರುವಾದದ್ದು ಹಾಗೆ.

ಭಾಷೆ ಮೊದಲ ದಿನಗಳಲ್ಲಿ ನನ್ನನ್ನು ಹಿಗ್ಗಿಸಿತು. ಸಾಬೂನಿಗೆ ಅವರು ಸಬಾಂವ್ ಎಂದರು. ಚಾವಿಗೆ ಶಾವಿ, ಮೇಜಿಗೆ ಮೇಜಾ, ಅಲಮಾರಿಗೆ ಅರ್ಮಾರಿಯು. ಪೋರ್ತುಗೀಜರು ಗೋವೆಯಲ್ಲಿಳಿಸಿದ ಮಾತುಗಳು ಗದಗಿನ ತನಕ ನಡೆದು ಬಂದಿದ್ದವು ಎಂದು ನನಗೇನು ಗೊತ್ತು. ಇದು ಅರ್ಧ ನಮ್ಮದೇ ಭಾಷೆ, ಇನ್ನರ್ಧ ಕಲಿತರಾಯಿತು ಎಂದು ಉಬ್ಬಿದೆ. ಗುರುತಿನ ಮಾತು ಕಂಡರೆ ಅದನ್ನು ನಂಬಿಬಿಡುವ ರೂಢಿ ಆಗ ಬೆಳೆಯಿತು. ಜೆಕಾ ಮತ್ತು ಇತರರು ಆಡಿದ್ದನ್ನು ನಾನು ನಮ್ಮೂರ ಮಾತಿನಲ್ಲೇ ಬರೆಯುತ್ತಿದ್ದೇನೆ. ಅವರೊಂದಿಗೆ ಜಗಳಾಡುವಾಗಲೂ ನನ್ನ ತಲೆಯೊಳಗೆ ಅದೇ ಕೇಳಿಸುತ್ತದೆ.

ಊಟದ ಕಷ್ಟ ದೊಡ್ಡದು. ಬೇಳೆಯಂಥ ಕಾಳು ಬೇಯಿಸಿದರೂ ಅದರಲ್ಲಿ ಹಂದಿಯ ಕೊಬ್ಬು. ಅಡುಗೆಯ ಬೆನೆದೀತಾ ಎಂಬ ಮುದುಕಿ ನನ್ನ ಉಪವಾಸ ನೋಡಿ, ಗೋವಿನಜೋಳದ ಹಿಟ್ಟು ತಿರುವಿ ಅಂಗು ಎಂಬ ಗಟ್ಟಿ ಅಂಬಲಿ ಮಾಡಿ ಬೇರೆ ಬೋಗುಣಿಯಲ್ಲಿಟ್ಟಳು. ನಮ್ಮ ಸಂಗಟಿಯ ತಂಗಿ ಅದು. ರೊಟ್ಟಿಯ ಸದ್ದು ಕೇಳದ ಅಡುಗೆಮನೆಯಲ್ಲಿ ಕುಳಿತು ಅದನ್ನೇ ತಿಂದೆ. ಬೆನೆದೀತಾಳ ಅಜ್ಜಿ ಕೊರಳಿಗೆ ಕಬ್ಬಿಣ ಹಾಕಿಸಿಕೊಂಡ ಗುಲಾಮಳಾಗಿದ್ದಳಂತೆ. ಕತೀರಾ ಯಾರ ಕುಣಿತ ಎಂದು ನಾನು ಕೇಳಿದ್ದು ಅವಳ ಒಲೆಯ ಮುಂದೆ. ಜೆಕಾನೂ ಇದ್ದ.

“ಪೋರ್ತುಗಾಲದ ಪಾದ್ರಿಗೋಳು ತಂದದ್ದು,” ಎಂದ ಜೆಕಾ. “ಈ ವಿಯೋಲಾನೂ ಅಲ್ಲಿಂದನ ಬಂದೈತಿ.”

ವಿಯೋಲಾ ಎಂದರೆ ಐದು ಜೋಡಿ ತಂತಿಯ ಅವರ ವಾದ್ಯ. ಬೆನೆದೀತಾ ಸೌಟು ತೋರಿಸಿದಳು.

“ಪಾದ್ರಿ ತಂತಿ ತಂದಿರಬೇಕು. ಚಪ್ಪಾಳಿ ನಮ್ಮ ಅಜ್ಜಿದು. ಅವರಿಬ್ಬರಿಗೂ ಮೊದಲ ಈ ಅಡವಿ ಮಂದಿ ಹಿಂಗ ನೆಲಾ ಒದ್ಯಾಕತ್ತಿದ್ರು. ಪಾದ್ರಿ ಅದನ್ನ ನೋಡಿ, ನಮ್ಮ ದೇವರ ಮುಂದನೂ ಒದಿರಿ ಅಂದ. ಈಗ ಎಲ್ಲಾರೂ ನಂದು ನಂದು ಅಂತಾರ.”

ಇಷ್ಟು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ವಾರಗಟ್ಟಲೆ ದನ ಹೊಡೆದುಕೊಂಡು ಹೋಗುವ ಗಂಡಸರು, ಮಂದೆ ನಿಂತ ಕಡೆ ಬೂಟು ಕಳಚದೆ ಕುಣಿದದ್ದರಿಂದ ಇದು ಊರಿಂದೂರಿಗೆ ಹಬ್ಬಿತಂತೆ. ಹೆಂಗಸರು ಈ ಸಾಲಿನಲ್ಲಿ ನಿಲ್ಲುವುದಿಲ್ಲ, ಗೋಡೆಗೊರಗಿ ನೋಡುತ್ತಾರೆ.

ನಮ್ಮ ಹೆಜ್ಜೆಮೇಳದಲ್ಲಿ ಹಾಡೂ ಕಾಲೂ ಕೂಡಿಯೇ ನಡೆಯುತ್ತವೆ. ಗೆಜ್ಜೆ ಕಟ್ಟಿದ ಕಾಲು ಹಾಡಿನ ಬೆನ್ನು ಬಿಡುವುದಿಲ್ಲ. ಕತೀರಾದಲ್ಲಿ ಒಂದು ಮಾತಾಡುವಾಗ ಇನ್ನೊಂದು ಬಾಯಿ ಮುಚ್ಚಿಕೊಂಡಿರುತ್ತದೆ. ಇಬ್ಬರು ಹಾಡುತ್ತಾರೆ, ಒಬ್ಬನ ದನಿಯ ಮಗ್ಗುಲಲ್ಲೇ ಇನ್ನೊಬ್ಬನ ದನಿ, ಗೀಗೀ ಮೇಳದಲ್ಲಿ ಹಿಂದಿನವರು ಎಳೆಯನ್ನು ಬಿಡದೆ ಹಿಡಿಯುತ್ತಾರಲ್ಲ, ಹಾಗೆ. ಹಾಡಿನಲ್ಲಿ ದೂರದ ದಾರಿ, ಹೊಳೆಯಲ್ಲಿ ಮುಳುಗಿದ ಗೆಳೆಯ, ಒಡೆಯನಿಗಾಗಿ ಕಾದ ಎತ್ತು. ಆಗ ಕುಣಿಯುವವರು ಅಲುಗಾಡುವುದಿಲ್ಲ. ಪದ ಮುಗಿದು, ವಿಯೋಲಾ ಒಂದು ಬಗೆಯಲ್ಲಿ ಗೀರಿತೆಂದರೆ ಒಮ್ಮೆಲೇ ಚಪ್ಪಾಳೆ, ಒಮ್ಮೆಲೇ ಬೂಟು. ಕೇಳಿದ ದುಃಖಕ್ಕೆ ಕಾಲು ಉತ್ತರ ಹೇಳುತ್ತದೆ. ಕೊನೆಯಲ್ಲಿ ಹೆಕೊರ್ತಾದು ಎಂಬ ಚುರುಕಿನ ಭಾಗ ಬರುತ್ತದೆ. ಆಗ ಎದುರುಬದುರಿನವರು ಜಾಗ ಅದಲುಬದಲು ಮಾಡಿಕೊಳ್ಳುತ್ತಾರೆ, ಹಾಡು ಮುಗಿಯುವಷ್ಟರಲ್ಲಿ ಪ್ರತಿಯೊಬ್ಬನೂ ತಾನು ಹೊರಟ ಜಾಗಕ್ಕೆ ಬಂದು ನಿಂತಿರುತ್ತಾನೆ.

ನನಗೆ ಇದು ಹಿಡಿಸಿತು. ಹಿಡಿಸಿತು ಎಂದರೆ ಸಾಲದು, ಹುಚ್ಚು ಹಿಡಿಯಿತು. ಮಾತು ಬಾರದ ಊರಿನಲ್ಲಿ ಮಾತು ಬೇಡದ ಒಂದು ಜಾಗ ಅದು. ಜೆಕಾ ಕೊಟ್ಟಿಗೆಯ ಹಲಗೆಯ ಮೇಲೆ ನನಗೆ ಕಲಿಸಿದ. ಬರಿಗಾಲಿನವನಿಗೆ ಬೂಟು ಹಾಕಿದರೆ ಕಾಲು ಯಾರದೋ ಆಗಿಬಿಡುತ್ತದೆ. ಹಿಮ್ಮಡಿ ಬೊಬ್ಬೆಯೆದ್ದವು. “ನೆಲಾ ಹೊಡಿಬ್ಯಾಡೋ ಫಕೀರಾ, ನೆಲದ ಕೂಡ ಮಾತಾಡು,” ಎನ್ನುತ್ತಿದ್ದ ಜೆಕಾ. ಬಸ್ಯಾ ಮೆಲುಕು ಹಾಕುತ್ತ ನಮ್ಮಿಬ್ಬರನ್ನೂ ನೋಡುತ್ತಿದ್ದ. ಮೂರು ವರ್ಷ ಕಲಿತರೂ ಸಾಲಿನಲ್ಲಿ ನಿಲ್ಲಿಸಿಕೊಂಡಿರಲಿಲ್ಲ. ಹನ್ನೆರಡು ಜನರಲ್ಲಿ ಒಬ್ಬ ತಪ್ಪಿದರೂ ಎಲ್ಲರ ತಾಳ ಕೆಡುತ್ತದೆ.

ಈ ನಡುವೆ ಊರಿನಿಂದ ಬಂದ ಕಾಗದವೊಂದರಲ್ಲಿ ಮುಂಬಯಿ ರಾಜ್ಯ ಎಂಬುದನ್ನು ಹೊಡೆದುಹಾಕಿ ಮೈಸೂರು ರಾಜ್ಯ ಎಂದು ಬರೆದಿತ್ತು. ಕನ್ನಡ ನಾಡು ಒಂದಾಯಿತು, ಗದಗಿನಲ್ಲಿ ಪೇಢೆ ಹಂಚಿದರು ಎಂದು ಶಾಲೆಯ ಮಾಸ್ತರರು ಬರೆದಿದ್ದರು. ಅಕ್ಕನಿಗೆ ಓದು ಬರದು. ಅವಳು ಹೇಳಿದ್ದನ್ನು ಬರೆಯುವವರು, ನನ್ನ ಕಾಗದ ಓದಿ ಹೇಳುವವರು ಅವರೇ. ಯಾವ ರಾಜ್ಯವನ್ನು ಬಿಟ್ಟು ಬಂದಿದ್ದೆನೋ ಅದರಲ್ಲಿ ನನ್ನ ಊರೇ ಇರಲಿಲ್ಲ. ಖುಷಿಯಾಯಿತು. ಹಂಚಿ ತಿನ್ನಲು ಪೇಢೆ ಇರಲಿಲ್ಲ, ಬೆಲ್ಲದ ಚೂರನ್ನು ಬಸ್ಯಾನ ಬಾಯಿಗೆ ಹಾಕಿದೆ. ಕಾಗದದ ಕೊನೆಗೆ ಅಕ್ಕನ ಮಾತು ಎಂದಿನಂತೆ ಒಂದೇ. ಬಸ್ಯಾ ಹ್ಯಾಂಗಿದ್ದಾನ?

ನಾಲ್ಕನೆಯ ವರ್ಷ ಜೂನ್ ತಿಂಗಳು. ಬಸ್ಯಾನ ಮಕ್ಕಳೇ ಮಂದೆಯ ತುಂಬ ದೊಡ್ಡ ಹೋರಿಗಳಾಗಿ ನಿಂತಿದ್ದವು. ಒಂದು ಗುರುವಾರ ಜೆಕಾ ಕೊಟ್ಟಿಗೆಗೆ ಬಂದು, ನನ್ನ ಮುಖ ನೋಡದೆ, “ಈ ಐತ್ವಾರ ಮಧ್ಯಾಹ್ನ ಬಸ್ಯಾನ ಕತೀರಾ ಐತಿ. ಸೆವು ಒಲಾವು ಹೇಳ್ಯಾರ,” ಎಂದ. “ನೀನೂ ಸಾಲಿನ್ಯಾಗ ನಿಂದರು.”

ನಾನು ನಕ್ಕೆ, ನಗುತ್ತಲೇ ಕಣ್ಣಲ್ಲಿ ನೀರು ಬಂತು. ನಮ್ಮ ಕಡೆಯೂ ಅದು ಕಾರಹುಣ್ಣಿವೆಯ ಹೊತ್ತು. ಎತ್ತಿನ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಮೆರೆಸುವ ಹಬ್ಬ. ನಾಲ್ಕು ವರ್ಷ ದುಡಿದ ಹೋರಿಗೆ ಇವರೂ ಹಬ್ಬ ಮಾಡುತ್ತಿದ್ದಾರೆ, ಅವನ ಹೆಸರಿನಲ್ಲಿ ಕುಣಿತ ಇಟ್ಟಿದ್ದಾರೆ, ಅಂಥ ದಿನ ನನ್ನನ್ನೂ ಸಾಲಿಗೆ ಕರೆದಿದ್ದಾರೆ! ಐತ್ವಾರ ಬೆಳಿಗ್ಗೆ ಬಸ್ಯಾನ ಮೈ ತಿಕ್ಕಿ ತೊಳೆದೆ. ಕೋಡಿಗೆ ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು ಹಚ್ಚಿದೆ. ಜೆಕಾ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ. ಆಮೇಲೆ ಹೊಸ ತೊಗಲಿನ ಪಟ್ಟಿಯೊಂದನ್ನು ಚಾಚಿ, “ಆ ಹಳೇ ಹಗ್ಗಾ ಬಿಚ್ಚು. ಇದನ್ನ ಹಾಕು,” ಎಂದ. ಹಬ್ಬಕ್ಕೆ ಹೊಸದು ಹಾಕುವುದು ನಮ್ಮಲ್ಲೂ ಉಂಟು. ನಾನೇ ನನ್ನ ಕೈಯಾರೆ ಬಸ್ಯಾನ ಕೊರಳಿನ ಕಣ್ಣಿ ಬಿಚ್ಚಿ, ಮಡಚಿ, ಖೋಲಿಯ ಗೂಟಕ್ಕೆ ನೇತುಹಾಕಿದೆ.

ಆ ದಿನ ನನ್ನ ಕಾಲು ಒಮ್ಮೆಯೂ ತಪ್ಪಲಿಲ್ಲ. ಹಾಡು ನಿಂತಾಗ ನಾವು ಹನ್ನೆರಡು ಜನ ಒಂದೇ ಕಾಲಾಗಿ ಬಿದ್ದೆವು. ಅಂಗಳಕ್ಕೆ ಹಾಸಿದ್ದ ಹಲಗೆ ಗುಡುಗಿತು. ಬಸ್ಯಾನನ್ನು ಅಂಗಳದಂಚಿನ ಮಾವಿನ ಮರಕ್ಕೆ ಕಟ್ಟಿದ್ದರು, ಕೆಂಪು ಕೋಡು ನನ್ನ ಕಣ್ಣಂಚಿಗೆ ಕಾಣುತ್ತಿತ್ತು. ಹೆಕೊರ್ತಾದು ಶುರುವಾಗಿ ನಾವು ಎದುರು ಸಾಲಿಗೆ ಹೋದೆವು. ಮರ ನನ್ನ ಬೆನ್ನಿಗಾಯಿತು. ಸುತ್ತಿ ಬಳಸಿ ಮತ್ತೆ ನನ್ನ ಜಾಗಕ್ಕೆ ಬಂದು ಕೊನೆಯ ಚಪ್ಪಾಳೆ ಹೊಡೆದು ಕಣ್ಣೆತ್ತಿದರೆ ಮರದ ಕೆಳಗೆ ಬಸ್ಯಾ ಇರಲಿಲ್ಲ. ಅಗಸಿ ಬಾಗಿಲ ಆಚೆ ಲಾರಿಯ ಕೆಂಪು ಧೂಳು. ಲಾರಿಯ ಸಪ್ಪಳ ನನಗೆ ಕೇಳಿರಲಿಲ್ಲ. ಕೇಳದಷ್ಟು ಜೋರಾಗಿ ನಾನೇ ಒದೆಯುತ್ತಿದ್ದೆನಲ್ಲ.

ಎಲ್ಲರೂ ನನ್ನ ಬೆನ್ನು ಚಪ್ಪರಿಸಿದರು. ನಾನು ಅಡುಗೆಮನೆಗೆ ಓಡಿದೆ.

“ಬಸ್ಯಾ ಎಲ್ಲಿ? ಅವನ ಕತೀರಾ ಅಂದ್ರಲ್ಲ?”

ಬೆನೆದೀತಾ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. “ಮಗನ, ಕತೀರಾ ಅಂದ್ರ ಕುಣತಾನೂ ಹೌದು, ಬದಲಾಯಿಸೂದೂ ಹೌದು. ಒಂದು ಕೊಟ್ಟು ಒಂದು ತೊಗೊಳ್ಳೂದು. ಇಲ್ಲಿ ಸಣ್ಣ ಕೂಸಿಗೂ ಗೊತ್ತೈತಿ. ನಿನಗ ಯಾರೂ ಹೇಳಲಿಲ್ಲೇನು?”

ಮುಪ್ಪಿನ ಹೋರಿಯನ್ನು ಮಾಂಸ ಒಣಗಿಸುವ ಕಾರ್ಖಾನೆಯ ವ್ಯಾಪಾರಿಗೆ ಕೊಟ್ಟು, ಸೆವು ಒಲಾವು ಎರಡು ಎಳೆಯ ಹೇಸರಗತ್ತೆ ತೆಗೆದುಕೊಂಡಿದ್ದ. ನಡುವೆ ನಿಂತು ಕುದುರಿಸಿದವನು ಜೆಕಾ. ಅವನ ಪಾಲಿಗೆ ಬಂದದ್ದು ಒಂದು ಹೊಸ ವಿಯೋಲಾ. ಆ ಮಧ್ಯಾಹ್ನ ನಾನು ಕುಣಿದದ್ದು ಅದರ ತಂತಿಗೇ.

ಒಡೆಯನ ಮೇಲೆ ಬಂದ ಸಿಟ್ಟು ಒಡೆಯರ ಮೇಲೆ ಬರುವ ಸಿಟ್ಟು, ಅದಕ್ಕೆ ಆಯುಷ್ಯ ಕಡಿಮೆ. ಜೆಕಾನ ಮೇಲಿನದು ಹಾಗಲ್ಲ. ಅವನ ಅಂಗಿಯ ಕೊರಳಪಟ್ಟಿ ಹಿಡಿದೆ.

“ಕೋಡಿಗೆ ಬಣ್ಣಾ ಹಚ್ಚೂ ಮುಂದ ನೀ ಅಲ್ಲೇ ನಿಂತಿದ್ದೆಲ್ಲೋ. ಒಂದು ಮಾತು ಹೇಳಾಕ ಏನಾಗಿತ್ತು ನಿನಗ?”

ಜೆಕಾ ಬಿಡಿಸಿಕೊಳ್ಳಲಿಲ್ಲ. “ಕತೀರಾ ಅಂತ ಹೇಳಿದ್ನಿ. ನೀ ನಕ್ಕಿ. ಬಣ್ಣಾ ತಂದಿ. ನಿನ್ನ ಮಾರಿ ನೋಡಿ ನನಗ ಬಾಯಿ ಬರಲಿಲ್ಲ, ಫಕೀರಾ.”

ಸುಳ್ಳು ಹೇಳಿದ್ದರೆ ಹೊಡೆಯುತ್ತಿದ್ದೆ. ಅವನು ಹೇಳಿದ್ದು ಖರೆ. ಖೋಲಿಗೆ ಬಂದು ಕುಳಿತಾಗ ಎದುರಿನ ಗೂಟದ ಮೇಲೆ ಕಣ್ಣಿ ತೂಗುತ್ತಿತ್ತು. ಹೋರಿ ಹೋಗಿದೆ, ಕಣ್ಣಿ ಮನೆಯಲ್ಲುಳಿದಿದೆ. ನಮ್ಮ ಕಡೆ ಮಾರಾಟ ಹೇಗೆ ಮಾಡುತ್ತಾರೋ ಹಾಗೆಯೇ, ಶಾಸ್ತ್ರ ಬಿಡದೆ ಮಾಡಿ ಮುಗಿಸಿದ್ದೆ. ಅವರು ಕತೀರಾ ಮಾಡಿದ್ದರು, ಮಾರಿದವನು ನಾನು.

ಎತ್ತಿಗಾಗಿ ಹಾಡಿನಲ್ಲಿ ಅಳುವ ಇವರು ಅಂಗಳದಲ್ಲಿ ಅದನ್ನೇ ಬದಲಾಯಿಸುತ್ತಾರೆ ಎಂದು ಬೈದುಕೊಂಡು ತಿರುಗಿದೆ. ಆದರೆ ಎತ್ತಿಗೆ ಬಸವಣ್ಣ ಎಂದು ಕೈಮುಗಿದು, ಮರುದಿನ ಬಾರುಕೋಲು ಬೀಸುವವರು ನಾವು. ಆ ಬೈಗುಳವೂ ಬಹಳ ದಿನ ನಡೆಯಲಿಲ್ಲ.

ಅಕ್ಕನಿಗೆ, ಬಸ್ಯಾ ಮುಪ್ಪಾಗಿ ಸತ್ತ, ಮಾವಿನ ಮರದ ಕೆಳಗೆ ಮಣ್ಣು ಮಾಡಿದೆ ಎಂದು ಬರೆದೆ. ಮೂರು ತಿಂಗಳಿಗೆ ಉತ್ತರ ಬಂತು. ಮಾಸ್ತರರ ದುಂಡು ಅಕ್ಷರದಲ್ಲಿ ಅಕ್ಕನ ಮಾತು. ಹತ್ತ ಮಂದ್ಯಾಗ ಮಾತು ಉಳಿಸಿದಿ ತಮ್ಮಾ. ಕಣ್ಣಿ ಸಮೇತ ಇಟ್ಟಿಲ್ಲೋ? ಗೂಟದ ಕೆಳಗೆ ಕುಳಿತು, ಹೌದಕ್ಕಾ, ಕಣ್ಣಿ ಸಮೇತ, ಎಂದು ಬರೆದೆ. ನನಗಾದ ಮೋಸವನ್ನು ಒಂದು ಅಂಚೆ ಚೀಟಿ ಹಚ್ಚಿ ಅವಳಿಗೆ ದಾಟಿಸಿದೆ.

ಒಂದು ವರ್ಷ ಕುಣಿಯಲಿಲ್ಲ. ಜೆಕಾ ಒಂದೆರಡು ಸಲ ಬಾಗಿಲ ತನಕ ಬಂದು ಹೋದ. ಆಮೇಲೊಂದು ಐತ್ವಾರ ಅಂಗಳದಿಂದ ಆ ಹಾಳು ವಿಯೋಲಾ ಕೇಳಿಸಿತು, ಪದ ಮುಗಿದು ತಂತಿ ಗೀರಿತು, ಖೋಲಿಯೊಳಗೆ ಕುಳಿತಿದ್ದ ನನ್ನ ಕಾಲು ತಾನಾಗಿ ನೆಲಕ್ಕೆ ಬಿತ್ತು. ಎದ್ದು ಹೋದೆ. ನನ್ನ ಜಾಗವನ್ನು ಖಾಲಿ ಬಿಟ್ಟುಕೊಂಡೇ ಕುಣಿಯುತ್ತಿದ್ದರು. ಅಂದಿನಿಂದ ತಪ್ಪಿಸಿಲ್ಲ. ವಿಯೋಲಾ ಹಿಡಿದು ಎದುರಿಗೆ ನಿಲ್ಲುವವನು ಜೆಕಾ. ನಾವು ಮಾತಾಡುವುದಿಲ್ಲ. ಅವನು ಹಾಡುತ್ತಾನೆ, ನಾನು ಒದೆಯುತ್ತೇನೆ. ಅವನನ್ನು ಕ್ಷಮಿಸಿದ್ದೇನೆಂದು ಯಾರೂ ತಿಳಿಯಬಾರದು.

ಸಂಪಾದಕರೇ, ಕುಣಿತದ ಬಗ್ಗೆ ನನಗೆ ಗೊತ್ತಿರುವುದು ಇಷ್ಟು. ಇದನ್ನು ಅಚ್ಚು ಹಾಕಿದ ಮೇಲೆ ಯಳವತ್ತಿಗೆ ಒಂದು ಪ್ರತಿ ಹೋಗಲಿ. ಅಕ್ಕನಿಗೆ ನೇರವಾಗಿ ಬರೆಯಲು ಎಷ್ಟು ಸಲ ಕುಳಿತರೂ ಕೈ ಸುಳ್ಳನ್ನೇ ಬರೆಯುತ್ತದೆ. ಮಾಸ್ತರರು ಇದನ್ನು ಒಂದಕ್ಷರ ಬಿಡದೆ ಅವಳಿಗೆ ಓದಿ ಹೇಳಬೇಕು. ಕಣ್ಣಿಯನ್ನು ಬಟ್ಟೆಯಲ್ಲಿ ಹೊಲಿದು ನಿನ್ನೆ ಅಂಚೆಗೆ ಹಾಕಿದ್ದೇನೆ. ಅದು ಅವಳ ಮನೆಯ ಗೂಟಕ್ಕೆ ಸೇರಬೇಕಾದದ್ದು. ಅದರ ಜೊತೆ ನಾನೂ ಬರಬೇಕಿತ್ತು. ಆದರೆ ಬರುವ ಐತ್ವಾರ ಇಲ್ಲಿ ಕತೀರಾ ಇದೆ, ನಾನು ಹೊರಟರೆ ಸಾಲಿನಲ್ಲಿ ನನ್ನ ಜಾಗ ಖಾಲಿ ಉಳಿಯುತ್ತದೆ.